ಒಂದೇ ಕಾರು, ಮೂರು ಜೋಡಿ ಶಾಕ್

ಕಾರಿನ ಜೊತೆಗೇ ಬಂದ ಕಂಪನಿ ಶಾಕ್‌ನಿಂದ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಎಣ್ಣೆ ಜಿನುಗತೊಡಗಿದಾಗ ಬೇರೆ ತಯಾರಕರ ಶಾಕ್ ಹಾಕಿಸಲು ಹೊರಟೆ. ಒಂದಾದ ಮೇಲೊಂದು ಮೂರು ಜೋಡಿಯನ್ನು ಮುಂದಿನ ಚಕ್ರಗಳಿಗೆ ಹಾಕಿ ಓಡಿಸಿದ್ದೇನೆ. ಮೂರೂ ಸದ್ದು ಮಾಡಿದವು. ಆದರೆ ಕಾರಣ ಒಂದೇ ಆಗಿರಲಿಲ್ಲ.

ಮೊದಲನೆಯದು ಬರೀ ಎಣ್ಣೆಯ ಟ್ವಿನ್ ಟ್ಯೂಬ್, ಅಂದರೆ ಒಂದರೊಳಗೊಂದು ಎರಡು ಕೊಳವೆ ಇರುವ ಶಾಕ್. ಸಣ್ಣ ಗುಂಡಿಗಳು ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ಮೆತ್ತಗೆ. ಆದರೆ ಹಾಕಿದ ದಿನವೇ ಪಚ ಪಚ ಸದ್ದು. ಡಬ್ಬದಲ್ಲಿ ಅಡ್ಡ ಮಲಗಿಸಿಟ್ಟಿದ್ದರಿಂದ ಒಳಕೊಳವೆಗೆ ಗಾಳಿ ಸೇರಿತ್ತು. ಬಿಚ್ಚಿಸಿ, ನೆಟ್ಟಗೆ ಹಿಡಿದು ರಾಡನ್ನು (ಒಳಗೆ ಹೊರಗೆ ಸರಿಯುವ ಸರಳು) ಪೂರ್ತಿ ಎಳೆದು, ತಲೆಕೆಳಗು ಮಾಡಿ ಪೂರ್ತಿ ಒತ್ತಿ, ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಸದ್ದು ನಿಂತಿತು. ಒಂದು ಕೊರತೆ ಮಾತ್ರ ಉಳಿಯಿತು: ಕೆಟ್ಟ ರಸ್ತೆಯಲ್ಲಿ ತುಂಬಾ ಹೊತ್ತು ಓಡಿಸಿದರೆ ಎಣ್ಣೆ ನೊರೆಯಾಗಿ ಕಾರು ತೂಗಾಡುತ್ತಿತ್ತು.

ಎರಡನೆಯದು ಕಡಿಮೆ ಒತ್ತಡದ ಗ್ಯಾಸ್ ಇರುವ ಟ್ವಿನ್ ಟ್ಯೂಬ್. ಓಡಿಸುವಾಗ ಕಂಪನಿ ಶಾಕ್‌ಗೆ ಇದೇ ಹತ್ತಿರ. ನನ್ನ ತಲೆ ಹೆಚ್ಚು ತಿಂದದ್ದೂ ಇದೇ. ನಿಧಾನವಾಗಿ ಹಂಪ್ ದಾಟಿದರೆ ಸಾಕು, ಟಕ್ ಟಕ್. ಶಾಕೇ ಕೆಟ್ಟಿದೆ ಅಂತ ವಾಪಸ್ ಕೊಡಲು ಸಿದ್ಧನಾಗಿದ್ದೆ. ಅದಕ್ಕೂ ಮುಂಚೆ ಎರಡೂ ಕಡೆಯ ಸ್ಟೆಬಿಲೈಸರ್ ಲಿಂಕ್ (ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ) ಬಿಚ್ಚಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ ನೋಡಿದೆವು. ಸದ್ದು ಹೋಗಲಿಲ್ಲ, ಅಂದರೆ ತಪ್ಪು ಲಿಂಕಿನದಲ್ಲ. ಆಮೇಲೆ ಬಾನೆಟ್ ತೆಗೆದು ಶಾಕಿನ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ಟಾಪ್ ಮೌಂಟ್ ಮೇಲೆ ಕೈಯಿಟ್ಟುಕೊಂಡು ಕಾರನ್ನು ಅಲ್ಲಾಡಿಸಲು ಹೇಳಿದೆ. ಪ್ರತಿ ಟಕ್ ಅಂಗೈಗೆ ಬಡಿಯಿತು! ಮೇಲಿನ ನಟ್ ಅನ್ನು ಏರ್ ಗನ್‌ನಲ್ಲಿ ಬಿಗಿ ಮಾಡಿದ್ದರು. ನಟ್ ಜೊತೆ ರಾಡೂ ಸುತ್ತಿ, ನಟ್ ಸರಿಯಾಗಿ ಕೂತೇ ಇರಲಿಲ್ಲ. ಮೌಂಟಿನ ರಬ್ಬರೂ ಹಳೆಯದೇ. ಹೊಸ ಮೌಂಟ್ ಹಾಕಿಸಿ, ರಾಡ್ ತುದಿಗೆ ಅಲನ್ ಕೀ ಹಿಡಿದು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿಸಿದೆ. ಅಲ್ಲಿಗೆ ಪೂರ್ತಿ ನಿಶ್ಶಬ್ದ. ರಾಡನ್ನು ಇಕ್ಕಳದಲ್ಲಿ ಹಿಡಿಯಲು ಮಾತ್ರ ಬಿಡಬೇಡಿ. ಗೀರು ಬಿದ್ದರೆ ಸೀಲ್ ಹರಿದು ಎಣ್ಣೆ ಸೋರುತ್ತದೆ.

ಮೂರನೆಯದು ಒಂದೇ ಕೊಳವೆಯ ಮೊನೊಟ್ಯೂಬ್, ಇದು ಬೇರೆಯೇ ಥರ. ಒಳಗೆ 20–30 ಬಾರ್ ಒತ್ತಡದ ಗ್ಯಾಸ್ ಇರುತ್ತದೆ, ಒತ್ತಿ ಬಿಟ್ಟರೆ ರಾಡ್ ತಾನೇ ಹೊರಗೆ ಬರುತ್ತದೆ. ತಿರುವಿನಲ್ಲಿ ಕಾರು ವಾಲುವುದೇ ಕಡಿಮೆಯಾಯಿತು, ಆ ಹಿಡಿತ ನನಗೆ ತುಂಬಾ ಇಷ್ಟವಾಯಿತು. ಆದರೆ ಹಿಂದಿನ ಚಕ್ರಗಳಿಗೆ ಇದ್ದದ್ದು ಹಳೆಯ ಕಂಪನಿ ಶಾಕ್, ಅಲ್ವಾ? ಹಂಪ್ ದಾಟಿದ ತಕ್ಷಣ ಮುಂಭಾಗ ಸುಮ್ಮನಾದರೆ ಹಿಂಭಾಗ ಇನ್ನೂ ಎರಡು ಸಲ ಕುಣಿಯುತ್ತಿತ್ತು. ರಸ್ತೆಯ ಸಣ್ಣ ಸಣ್ಣ ಏರುತಗ್ಗು ಡ್ಯಾಶ್‌ಬೋರ್ಡಿಗೆ ಬಂದು ಕಟ ಕಟ ಅನ್ನುತ್ತಿತ್ತು. ಇದು ಶಾಕಿನ ದೋಷವಲ್ಲ, ನಾನು ಮಾಡಿದ ಹೊಂದಿಕೆಯ ದೋಷ.

ಕೊನೆಗೆ ಗ್ಯಾಸ್ ಟ್ವಿನ್ ಟ್ಯೂಬ್ ಅನ್ನೇ ಮತ್ತೆ ಹಾಕಿಸಿದೆ, ಹಿಂದಕ್ಕೂ ಅದರದೇ ಜೋಡಿ. ಬುಷ್ (ರಬ್ಬರ್ ಬಳೆ) ಇರುವ ಕಡೆಯ ಬೋಲ್ಟ್‌ಗಳನ್ನು ಕಾರು ಜಾಕ್ ಮೇಲಿರುವಾಗ ಬಿಗಿ ಮಾಡಲು ಬಿಡಲಿಲ್ಲ. ಹಾಗೆ ಮಾಡಿದರೆ ಕಾರು ಇಳಿದಾಗ ರಬ್ಬರ್ ತಿರುಚಿಕೊಂಡು ಕಿರಗುಟ್ಟುತ್ತದೆ. ಚಕ್ರ ನೆಲಕ್ಕೆ ಕೂತ ಮೇಲೆಯೇ ಕೊನೆಯ ಸುತ್ತು ಕೊಡಿಸಿದೆ.