ಬ್ಯಾಂಕಿನ ಬಜೆಟ್ ಸಾಫ್ಟ್‌ವೇರ್ ತಗೊಳ್ಳಬಹುದಾ?

ಮುಂಬೈಯ ಒಂದು ಸಹಕಾರಿ ಬ್ಯಾಂಕಿನ ಹೆಡ್ ಆಫೀಸಿನಲ್ಲಿ ಬಜೆಟ್ ಕೆಲಸ ನೋಡಿಕೊಳ್ಳುತ್ತೇನೆ. ಮುಂದಿನ ವರ್ಷ ಎಷ್ಟು ಠೇವಣಿ ಬರಬಹುದು, ಎಷ್ಟು ಸಾಲ ಹೋಗಬಹುದು, ಬಡ್ಡಿಯಲ್ಲಿ ನಮಗೆಷ್ಟು ಉಳಿಯುತ್ತದೆ ಅಂತ ಅಂದಾಜು ಹಾಕುವ ಸಾಫ್ಟ್‌ವೇರನ್ನು 2024ರ ಕೊನೆಗೆ ತಂದೆವು. ಮಾಟುಂಗಾದಲ್ಲಿ ಬೇರೆ ಬ್ಯಾಂಕಿನ ಗೆಳೆಯರು ಸಿಕ್ಕಾಗೆಲ್ಲ ಇದರ ಬಗ್ಗೆಯೇ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲ ಎಕ್ಸೆಲ್‌ನಲ್ಲೇ ಆಗುತ್ತಿತ್ತು. ಒಂದು ಶಾಖೆಯವರು ಲಕ್ಷದಲ್ಲಿ ಬರೆದರೆ ಇನ್ನೊಬ್ಬರು ಸಾವಿರದಲ್ಲಿ ಬರೆಯುತ್ತಿದ್ದರು, ಮಧ್ಯೆ ಯಾರೋ ಒಂದು ಸಾಲು ಸೇರಿಸಿದರೆ ಮೊತ್ತವೇ ತಪ್ಪುತ್ತಿತ್ತು, ಮಾರ್ಚ್ ತಿಂಗಳಿಡೀ ಕೊನೆಯ ಲೋಕಲ್ ಹಿಡಿದೇ ಮನೆಗೆ ಹೋಗುತ್ತಿದ್ದೆವು. ಈಗ ಕೋರ್ ಬ್ಯಾಂಕಿಂಗ್‌ನಿಂದ, ಅಂದರೆ ಎಲ್ಲ ಶಾಖೆಯ ಲೆಕ್ಕ ಒಂದೇ ಕಡೆ ಇರುವ ವ್ಯವಸ್ಥೆಯಿಂದ, ಅಂಕಿ ರಾತ್ರಿಯೇ ಬಂದು ಕೂತಿರುತ್ತದೆ. ಇದೊಂದಕ್ಕೇ ನಾನು ಋಣಿ.

ನಿಜವಾಗಿ ಕೈಹಿಡಿದದ್ದು ಬಡ್ಡಿ ದರ ಇಳಿದಾಗ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, 6.50 ಪರ್ಸೆಂಟ್‌ನಿಂದ 5.50ಕ್ಕೆ ತಂದಿತು. ರೆಪೊಗೆ ಕಟ್ಟಿದ ಸಾಲದ ಬಡ್ಡಿ ಬೇಗ ಇಳಿಯುತ್ತದೆ, ಆದರೆ ಹಳೆಯ ಎಫ್‌ಡಿಗೆ ಅವಧಿ ಮುಗಿಯುವ ತನಕ ಹಳೆಯ ದರವನ್ನೇ ಕೊಡಬೇಕು ಅಲ್ವಾ? ಅಂಥ ಸಾಲ 100 ಕೋಟಿ ಇದ್ದರೆ ಒಂದು ಪರ್ಸೆಂಟ್ ಅಂದರೆ ವರ್ಷಕ್ಕೆ 1 ಕೋಟಿ ಆದಾಯ ಹೋಯಿತು. ಯಾವ ತಿಂಗಳು ಎಷ್ಟು ಪೆಟ್ಟು ಬೀಳುತ್ತದೆ ಅಂತ ಹತ್ತು ನಿಮಿಷದಲ್ಲಿ ಕಂಡಿತು. ಮೊದಲಾದರೆ ಇದಕ್ಕೆ ಒಂದು ವಾರ ಬೇಕಿತ್ತು.

ಆದರೆ ಒಂದು ದೊಡ್ಡ ಕೊರತೆ ಇದೆ. ಎಫ್‌ಡಿ ಎಷ್ಟು ರಿನ್ಯೂ ಆಗುತ್ತದೆ ಅನ್ನುವುದಕ್ಕೆ ಎಲ್ಲ ಶಾಖೆಗೂ ಒಂದೇ ಸರಾಸರಿ ಹಾಕಿತ್ತು. ನಮ್ಮ ಒಂದು ಶಾಖೆಯ ಗ್ರಾಹಕರಲ್ಲಿ ಊರಿಂದ ಬಂದು ಹೋಟೆಲ್ ನಡೆಸುವವರೇ ಜಾಸ್ತಿ. ಮ್ಯಾನೇಜರ್ ಏಪ್ರಿಲ್‌ನಲ್ಲೇ ಫೋನ್ ಮಾಡಿ, "ಸರ್, ಮೇ ತಿಂಗಳಲ್ಲಿ ಊರಲ್ಲಿ ಮದುವೆ, ಗೃಹಪ್ರವೇಶ ಎಲ್ಲ ಇರ್ತದೆ, ಎಫ್‌ಡಿ ತೆಗೀತಾರೆ, ನಿಮ್ಮ ಲೆಕ್ಕ ಸರಿ ಇಲ್ಲ" ಅಂದರು. ನಾನು ಸ್ಕ್ರೀನ್ ನಂಬಿದೆ. ಮೇ ಕೊನೆಗೆ ಅವರು ಹೇಳಿದ ಹಾಗೇ ಆಯಿತು, ಹಣ ಹೊಂದಿಸಲು ಓಡಾಡಬೇಕಾಯಿತು. ಶಾಖೆವಾರು ಅಂಕಿ ತುಂಬುವ ಜಾಗ ಕೇಳಿದರೆ ಕಂಪನಿಯವರು ನಾಲ್ಕು ತಿಂಗಳು ಓಡಾಡಿಸಿದರು, ಬೇರೆ ದುಡ್ಡೂ ತಗೊಂಡರು. ರಿಪೋರ್ಟ್ ಮಿಲಿಯನ್‌ನಲ್ಲಿ ಬರುತ್ತಿತ್ತು, ಅದನ್ನು ಲಕ್ಷ-ಕೋಟಿಗೆ ತರಿಸಲೂ ಹತ್ತು ಸಲ ಹೇಳಬೇಕಾಯಿತು.

ತಗೊಳ್ಳುವವರು ಅವರ ಡೆಮೊ ನೋಡಿ ಸುಮ್ನೆ ತಲೆ ಆಡಿಸಬೇಡಿ. ನಿಮ್ಮದೇ ಮೂರು ವರ್ಷದ ಅಂಕಿ ಕೊಟ್ಟು, ಹೋದ ವರ್ಷದ ಅಂದಾಜು ಹಾಕಿಸಿ. ಉತ್ತರ ನಿಮ್ಮ ಲೆಜರ್‌ನಲ್ಲೇ ಇರುತ್ತದೆ, ಪಕ್ಕದಲ್ಲಿಟ್ಟು ನೋಡಿ. ಯಾರು, ಯಾವಾಗ, ಯಾಕೆ ಅಂಕಿ ತಿದ್ದಿದರು ಅನ್ನುವ ದಾಖಲೆ ಉಳಿಯುತ್ತದಾ ಅಂತಲೂ ಕೇಳಿ, ಆಡಿಟ್ ಹೊತ್ತಿಗೆ ಅದು ಬೇಕೇ ಬೇಕು. ನಾಲ್ಕೈದೇ ಶಾಖೆ ಇದ್ದರೆ ಎಕ್ಸೆಲ್ ಸಾಕು, ದುಡ್ಡು ಉಳಿಸಿ. ಇಪ್ಪತ್ತು ದಾಟಿದ್ದರೆ ಖಂಡಿತ ತಗೊಳ್ಳಿ. ನಾವಂತೂ ಈಗ ಅಂದಾಜು ಮುಗಿಸುವ ಮೊದಲು ಪ್ರತಿ ಮ್ಯಾನೇಜರ್‌ಗೂ ಫೋನ್ ಮಾಡಿ, ಅವರು ಹೇಳಿದ್ದನ್ನು ಆ ಶಾಖೆವಾರು ಜಾಗದಲ್ಲಿ ತುಂಬುತ್ತೇವೆ.