ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ‘ಮೆಟ್ರೋ ಪಕ್ಕದ ಅಗ್ಗದ ಫ್ಲ್ಯಾಟ್’ ನೋಡುತ್ತಿರುವವರು ದಯವಿಟ್ಟು ಓದಿ

ಮುಂಗಡ ಕೊಡುವ ಮುಂಚೆ ಓದಿ. ಕೊಟ್ಟಾಗಿದ್ದರೂ ಓದಿ. ನನ್ನ ದೂರು ರೇರಾದಲ್ಲಿ (ಬಿಲ್ಡರ್‌ಗಳ ಮೇಲಿನ ದೂರು ಕೇಳುವ ರಿಯಲ್ ಎಸ್ಟೇಟ್ ಪ್ರಾಧಿಕಾರ) ಇರುವುದರಿಂದ ಬಿಲ್ಡರ್ ಹೆಸರು ಬರೆಯುವುದಿಲ್ಲ. ಆ ಕಡೆ ಮನೆ ಹುಡುಕುತ್ತಿರುವವರು ಫಲಕ ನೋಡಿಯೇ ಇರುತ್ತೀರಿ: ‘ಮೆಟ್ರೋದಿಂದ 800 ಮೀಟರ್, ಕೈಗೆಟುಕುವ ಮನೆ, ಜಿಎಸ್‌ಟಿ ಬರೀ ಶೇ 1.’ ಮೂರರಲ್ಲಿ ಒಂದೂ ನಿಜವಲ್ಲ. ಒಂದೂ!

ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಗುಂಟ 12.5 ಕಿ.ಮೀ. ಮಾರ್ಗ ಮೆಟ್ರೋದ ಮೂರನೇ ಹಂತದ ಯೋಜನೆಯಲ್ಲಿದೆ, 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದೆ, ಅಷ್ಟು ಸರಿ. ರೈಲು ಬಂದ ಮೇಲೆ ನಮ್ಮಂಥ ಸಂಬಳದವರಿಗೆ ಅಲ್ಲಿ ಬಾಡಿಗೆ ಮನೆಯೂ ಸಿಗುವುದಿಲ್ಲ, ಮುಂಚೆಯೇ ಹೋಗಿ ಸೇರಿಕೊಳ್ಳೋಣ ಎಂದು ಎಲ್ಲರೂ ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕದ ಮೇಲೆಯೇ ಇವರ ವ್ಯಾಪಾರ. ‘ಎರಡೇ ವರ್ಷ ಸರ್, ರೈಲು ಓಡುತ್ತದೆ’ ಎಂದ ಮಾರಾಟದ ಹುಡುಗ. 2014ರಲ್ಲಿ ಒಪ್ಪಿಗೆ ಸಿಕ್ಕ ಎರಡನೇ ಹಂತದ ಹಳದಿ ಮಾರ್ಗ ಬೊಮ್ಮಸಂದ್ರಕ್ಕೆ ಓಡಿದ್ದು 2025ರ ಆಗಸ್ಟ್‌ನಲ್ಲಿ. ಎರಡು ವರ್ಷವಂತೆ!

ಈಗ ಆ 800 ಮೀಟರ್. ನಿಲ್ದಾಣ ಬರುತ್ತದೆ ಎಂದು ಅವರೇ ನಕ್ಷೆಯಲ್ಲಿ ಗುರುತು ಹಾಕಿ ಕೊಟ್ಟಿದ್ದ ಜಾಗದಿಂದ ನಾನು, ಹೆಂಡತಿ, ನಮ್ಮ ಮಾವ ನಡೆಯತೊಡಗಿದೆವು. ಸ್ವಲ್ಪ ದೂರಕ್ಕೆ ನೈಸ್ ರಸ್ತೆಯ, ಅಂದರೆ ಟೋಲ್ ಹೆದ್ದಾರಿಯ, ಬೇಲಿ. ಕಟ್ಟಡ ಆಚೆ ಕಾಣುತ್ತಿದೆ, ಬಾಲ್ಕನಿಯ ಕಂಬಿಯೂ ಕಾಣುತ್ತಿದೆ, ದಾಟಲು ಮಾತ್ರ ದಾರಿಯಿಲ್ಲ. ಹಿಂದಕ್ಕೆ ಬಂದು, ಕೆಳಸೇತುವೆಯ ನೀರು ತುಳಿದು, ಇನ್ನೊಂದು ಬಡಾವಣೆ ಸುತ್ತಿ ತಲುಪುವಾಗ ಮೊಬೈಲ್ ಮೂರು ಕಿಲೋಮೀಟರ್ ದಾಟಿದೆ ಎನ್ನುತ್ತಿತ್ತು. ಅಲ್ಲಿಂದಲೇ ಫೋನ್ ಮಾಡಿದೆ.

‘ಸರ್, ನೀವು ರಸ್ತೆಯಲ್ಲಿ ಹೋಗಿದ್ದೀರಿ. ನಾವು ಹೇಳಿದ್ದು ನೇರ ದೂರ.’

‘ನೇರ ಎಂದರೆ?’

‘ಮೇಲಿನಿಂದ ಸರ್. ಎಲ್ಲ ಬಿಲ್ಡರ್‌ಗಳೂ ಹಾಗೆಯೇ ಅಳೆಯುವುದು.’

ಮೇಲಿನಿಂದ! ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಹಾರಿಹೋಗಿ ರೈಲು ಹತ್ತಬೇಕೇ? ಮುಂಗಡದ ಅರ್ಧ ಹಣ ಮಾವನದು. ಅವರು ಒಂದು ಮಾತೂ ಆಡಲಿಲ್ಲ, ಗೇಟಿನ ಬಳಿ ಚಪ್ಪಲಿಗೆ ಅಂಟಿದ ಕೆಸರನ್ನು ಕಲ್ಲಿಗೆ ಉಜ್ಜುತ್ತಾ ನಿಂತಿದ್ದರು. ಬೈದಿದ್ದರೂ ಚೆನ್ನಾಗಿತ್ತು.

ಮ್ಯಾನೇಜರ್ ಇನ್ನೂ ಜಾಣ. ‘ಸರ್ಕಾರದ ನೀತಿಯಲ್ಲೇ 800 ಮೀಟರ್ ಎಂದಿದೆ ಸರ್, ಓದಿ’ ಎಂದರು. ಓದಿದೆ. ಮೆಟ್ರೋ ಸುತ್ತ ಮನೆ, ಕಚೇರಿ ಒತ್ತಾಗಿ ಬರಬೇಕು ಎನ್ನುವ 2017ರ ಕೇಂದ್ರದ ನೀತಿ 500ರಿಂದ 800 ಮೀಟರ್ ಎನ್ನುವುದು ಜನ ನಡೆದು ಹೋಗುವ ದೂರದ ಲೆಕ್ಕದಲ್ಲಿ. ನಡೆದು! ಅದನ್ನು ತೋರಿಸಿದರೆ, ‘ಮುಂದೆ ಪಾದಚಾರಿ ಸೇತುವೆ ಬರುತ್ತದೆ’ ಎಂದರು. ಯಾರು ಕಟ್ಟುತ್ತಾರೆ ಎಂದು ಕೇಳಿದರೆ ನಗು.

ಇನ್ನು ಶೇ 1ರ ಕಥೆ. ಬೆಂಗಳೂರಿನಲ್ಲಿ ಆ ದರ ಸಿಗಬೇಕಾದರೆ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಕೆಗೆ ಸಿಗುವ ಜಾಗ) 60 ಚದರ ಮೀಟರ್ ಮೀರಬಾರದು, ಒಟ್ಟು ಬೆಲೆ 45 ಲಕ್ಷ ಮೀರಬಾರದು. ಪಾರ್ಕಿಂಗ್, ಕ್ಲಬ್ ಹೌಸ್ ಎಲ್ಲವೂ ಆ ಒಟ್ಟಿನೊಳಗೇ ಬರುತ್ತವೆ. ನನಗೆ ಹೇಳಿದ್ದು 43 ಲಕ್ಷ. ಆಮೇಲೆ ಬಂದ ಚೀಟಿಯಲ್ಲಿ ಪಾರ್ಕಿಂಗ್, ಕ್ಲಬ್, ಅದರ ಕೆಳಗೆ ‘ಮೆಟ್ರೋ ಸಾಮೀಪ್ಯ ಶುಲ್ಕ’. ಇನ್ನೂ ಬಾರದ, ಬಂದರೂ ನಡೆದು ಮುಟ್ಟಲಾಗದ ಮೆಟ್ರೋಗೆ ಶುಲ್ಕ! 45 ದಾಟಿತು, ತೆರಿಗೆ ಶೇ 5 ಆಯಿತು. ಕೇಳಿದ್ದಕ್ಕೆ ಸಿಕ್ಕ ಉಪಾಯ: ‘ಮೇಲಿನದನ್ನು ನಗದಾಗಿ ಕೊಡಿ ಸರ್, ಬಿಲ್ ಬೇಡ, ಶೇ 1ರಲ್ಲೇ ಉಳಿಯುತ್ತದೆ.’

ಹಣ ವಾಪಸ್ ಕೇಳಿದೆ. ಅರ್ಜಿಯ ಹಿಂದಿನ ಷರತ್ತು ನೋಡಿ ಎಂದರು. ಇರುವೆ ಸಾಲಿನಂಥ ಅಕ್ಷರ. ಮಾರಾಟದ ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯಬಾರದು ಎಂದು ರೇರಾ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ನನ್ನಿಂದ ಪಡೆದದ್ದು ಶೇ 20. ಅದನ್ನು ಹೇಳಿದಾಗ ಮ್ಯಾನೇಜರ್ ಆಡಿದ ಮಾತು ಇನ್ನೂ ಕಿವಿಯಲ್ಲಿದೆ: ‘ಹೋಗಿ ಸರ್, ದೂರು ಕೊಡಿ. ನಿಮ್ಮದೇ ಮೊದಲನೆಯದಲ್ಲ.’

ಕೊಟ್ಟಿದ್ದೇನೆ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿದವರಿಗೆ ಬಡ್ಡಿಸಹಿತ ವಾಪಸ್ ಪಡೆಯುವ ಹಕ್ಕು 12ನೇ ಸೆಕ್ಷನ್‌ನಲ್ಲಿದೆ.

ನಿಮಗೆ ಹೇಳುವುದಿಷ್ಟು. ಅವರ ಕಾರಿನಲ್ಲಿ ಜಾಗ ನೋಡಲು ಹೋಗಬೇಡಿ, ನಡೆಯಿರಿ, ಮಳೆ ಬಂದ ಮರುದಿನ ನಡೆಯಿರಿ. ಎಲ್ಲ ಶುಲ್ಕ ಸೇರಿದ ಬೆಲೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ನಗದು ಕೊಡಬೇಡಿ. ಕರಪತ್ರ ಎಸೆಯಬೇಡಿ, ನಾನು ಗಲಾಟೆ ಮಾಡಿದ ಮೇಲೆ ಹೊಸದು ಅಚ್ಚಾಗಿದೆ, ಅದರಲ್ಲಿ 800 ಮಾಯವಾಗಿ ‘ಮೆಟ್ರೋಗೆ ಸಮೀಪ’ ಎಂದಷ್ಟೇ ಇದೆ. ಹಳೆಯದು ನನ್ನ ಬಳಿ ಇದೆ, ದೂರಿಗೆ ಲಗತ್ತಿಸಿದ್ದೇನೆ. ಅಲ್ಲೇ ಹಣ ಕಟ್ಟಿದವರಿದ್ದರೆ ರಸೀದಿ ಸಮೇತ ನನ್ನನ್ನು ಸಂಪರ್ಕಿಸಿ, ಮುಂದಿನ ವಿಚಾರಣೆಗೆ ಒಟ್ಟಿಗೆ ಹೋಗೋಣ.