ಹಾಸಿಗೆ ಹಿಡಿದವರ ಮನೆಗೆ ಬರುವ ಇಬ್ಬರು: ಒಂದು ಗೃಹಭೇಟಿ ಸೇವೆಯ ವಿಮರ್ಶೆ

ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ನನ್ನ ತಾಯಿಯವರನ್ನು ನೋಡಿಕೊಳ್ಳುತ್ತಿದ್ದ 14 ತಿಂಗಳುಗಳಲ್ಲಿ, ನಮ್ಮ ಧರ್ಮಕೇಂದ್ರದ (ಚರ್ಚಿನ) ಗೃಹಭೇಟಿ ಬಳಗದ ಸೇವೆಯನ್ನು ನಾನು ಪಡೆದುಕೊಂಡೆ. ವಾರಕ್ಕೊಮ್ಮೆ ಇಬ್ಬರು ಸ್ವಯಂಸೇವಕರು ಬಂದು 2 ಗಂಟೆ ಕಾಲ ರೋಗಿಯ ಬಳಿ ಇರುತ್ತಾರೆ. ಅಷ್ಟು ಹೊತ್ತು ಮನೆಯವರು ಹೊರಗೆ ಹೋಗಿ ಬರಬಹುದು, ಇಲ್ಲವೇ ಸುಮ್ಮನೆ ಮಲಗಬಹುದು. ಇದಕ್ಕೆ ಶುಲ್ಕವಿಲ್ಲ, ಕಾಣಿಕೆ ಕೊಟ್ಟರೂ ಅವರು ತೆಗೆದುಕೊಳ್ಳುವುದಿಲ್ಲ.

ಮೊದಲ ದಿನ ಬಂದ ಹಿರಿಯ ಮಹಿಳೆ ನನ್ನನ್ನು ಏನೂ ಕೇಳದೆ ನೇರವಾಗಿ ಹಾಸಿಗೆಯ ಬಳಿ ಕುಳಿತು, "ಅಮ್ಮಾ, ಯಾವ ಕಡೆ ತಿರುಗಿ ಮಲಗಿದರೆ ನಿಮಗೆ ಹಿತ?" ಎಂದು ತಾಯಿಯವರನ್ನೇ ಕೇಳಿದರು. ತಾಯಿಯವರ ಮಾತು ತೊದಲುತ್ತಿದ್ದುದರಿಂದ ನೋಡಲು ಬಂದವರೆಲ್ಲ ಅವರ ಎದುರಿನಲ್ಲೇ ಅವರ ವಿಷಯವನ್ನು ನನ್ನೊಡನೆ ಮಾತನಾಡಿ ಹೋಗುವುದು ವಾಡಿಕೆಯಾಗಿಬಿಟ್ಟಿತ್ತು. ಈ ಮಹಿಳೆಯಾದರೋ ಉತ್ತರ ಹೊರಡುವವರೆಗೂ, ಮಧ್ಯದಲ್ಲಿ ಒಂದು ಪದವನ್ನೂ ತಾವಾಗಿ ಸೇರಿಸದೆ, ಕಾದರು. ಬೈಬಲಿನಲ್ಲಿ ಸಂತ ಪೌಲರು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಪ್ರೀತಿಯ ಗುಣಗಳನ್ನು ವಿವರಿಸುವಾಗ ತಾಳ್ಮೆಯನ್ನೇ ಮೊದಲು ಹೇಳಿದ್ದಾರೆ. ಅದೇಕೆಂದು ನನಗೆ ಅರ್ಥವಾದದ್ದು ಆ ಹೊತ್ತಿನಲ್ಲಿ.

ಮಲಗಿದ್ದಲ್ಲೇ ಇರುವವರ ಸೊಂಟ, ಹಿಮ್ಮಡಿಗಳ ಮೇಲೆ ಒಂದೇ ಸಮನೆ ಭಾರ ಬಿದ್ದು ರಕ್ತಸಂಚಾರ ಕುಂದಿದರೆ ಹಾಸಿಗೆ ಹುಣ್ಣು ಆಗುತ್ತದೆ. ಚರ್ಮವನ್ನು ಉಜ್ಜದಂತೆ, ಕೆಳಗಿನ ಹೊದಿಕೆಯನ್ನು ಹಿಡಿದೆತ್ತಿ ಮಗ್ಗುಲು ಬದಲಿಸುವ ಕ್ರಮವನ್ನು ಈ ಬಳಗದವರು ಒಬ್ಬ ದಾದಿಯಿಂದ ಕಲಿತುಕೊಂಡಿದ್ದರು. ಒಂದು ದಿನ ಅವರು ಮುಷ್ಟಿಯಂತೆ ಬಿಗಿದುಕೊಂಡಿದ್ದ ತಾಯಿಯವರ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ತೊಳೆದು, ತೇವ ಉಳಿಯದಂತೆ ಒರೆಸಿದರು. ಆ ಅಂಗೈ ವಾಸನೆ ಬರುವಷ್ಟು ಬೆವೆತುಹೋಗಿತ್ತು. ದಿನವೂ ಪಕ್ಕದಲ್ಲಿದ್ದ ನಾನು, ಔಷಧದ ಗಡಿಬಿಡಿಯಲ್ಲಿ, ಅದನ್ನು ಗಮನಿಸಿಯೇ ಇರಲಿಲ್ಲ. ಅವರು ಆ ಬಗ್ಗೆ ನನಗೊಂದು ಮಾತನ್ನೂ ಆಡಲಿಲ್ಲ. ಮರುವಾರ ಬರುವಾಗ ಮುಷ್ಟಿಯೊಳಗೆ ಇಡಲು ಮೆತ್ತನೆಯ ಬಟ್ಟೆಯ ಸುರುಳಿಯೊಂದನ್ನು ತಂದಿದ್ದರು.

ಸೇವೆಗೆಂದು ಇಬ್ಬರಾಗಿ ಮನೆಗೆ ಹೋಗುವ ಪದ್ಧತಿ ಹಳೆಯದು. 1833ರಲ್ಲಿ ಪ್ಯಾರಿಸ್ಸಿನಲ್ಲಿ, ಆಗಿನ್ನೂ 20 ವರ್ಷದ ವಿದ್ಯಾರ್ಥಿಯಾಗಿದ್ದ ಫ್ರೆಡೆರಿಕ್ ಒಝಾನಾಂ ಮತ್ತು ಅವರ ಗೆಳೆಯರು, ಸಿಸ್ಟರ್ ರೊಸಾಲಿ ರಾಂದ್ಯು ಅವರ ಮಾರ್ಗದರ್ಶನದಲ್ಲಿ ಬಡವರ ಮನೆಗಳಿಗೆ ಹೋಗತೊಡಗಿದರು. ಸಂತ ವಿನ್ಸೆಂಟ್ ದೆ ಪಾಲ್ ಸಂಘ ಬೆಳೆದದ್ದು ಹಾಗೆ. ನಮ್ಮ ಬಳಗ ಆ ಸಂಘಕ್ಕೆ ಸೇರಿದ್ದಲ್ಲವಾದರೂ ಪದ್ಧತಿಯನ್ನು ಅಲ್ಲಿಂದಲೇ ತೆಗೆದುಕೊಂಡಿದೆ. ಒಬ್ಬರು ರೋಗಿಯ ಬಳಿ ಕುಳಿತರೆ ಇನ್ನೊಬ್ಬರು ಮನೆಯವರ ಮಾತಿಗೆ ಕಿವಿಗೊಡುತ್ತಾರೆ. ನನ್ನ ಮಟ್ಟಿಗೆ ಎರಡನೆಯದರ ಅಗತ್ಯವೂ ಕಡಿಮೆಯದಾಗಿರಲಿಲ್ಲ.

ಅವರು ತಪ್ಪದೆ ಮರಳಿ ಬರುತ್ತಿದ್ದುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಉಪಚರಿಸಿದ ಸಮಾರಿಯದವನ ಬಗ್ಗೆ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಗಾಯಕ್ಕೆ ಪಟ್ಟಿ ಕಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಮಿಕ್ಕ ಖರ್ಚನ್ನು ಹಿಂದಿರುಗುವಾಗ ತೀರಿಸುತ್ತೇನೆಂದು ಅವನು ಹೇಳಿದ ಮಾತು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೊದಲ ವಾರ ನಮ್ಮ ಮನೆಯಲ್ಲಿ ಕೂರಲು ಜಾಗವಿಲ್ಲದಷ್ಟು ಜನರಿದ್ದರು. ಆರನೆಯ ತಿಂಗಳಿನ ಹೊತ್ತಿಗೆ ಬಾಗಿಲು ತಟ್ಟುತ್ತಿದ್ದವರು ಇವರಿಬ್ಬರೇ.

ಕೊರತೆಗಳಿಲ್ಲವೆಂದಲ್ಲ. ಎರಡು ಸಲ ಮುನ್ಸೂಚನೆಯಿಲ್ಲದೆ ಅಪರಿಚಿತರನ್ನು ಬದಲಿಯಾಗಿ ಕಳುಹಿಸಿದ್ದರಿಂದ ತಾಯಿಯವರು ಗಾಬರಿಗೊಂಡರು. ರಾತ್ರಿಯ ನೆರವು ಇಲ್ಲವೇ ಇಲ್ಲ. ಮನೆಯವರು ಹೆಚ್ಚು ಸೋಲುವುದು ರಾತ್ರಿಯಲ್ಲಿಯೇ. ಹೊಸಬರೊಬ್ಬರು, ತಾಯಿಯವರು ನೋವಿನಿಂದ ನರಳುತ್ತಿದ್ದಾಗ, ಕೇಳದೆಯೇ ಗಟ್ಟಿಯಾಗಿ ದೀರ್ಘ ಪ್ರಾರ್ಥನೆ ಮಾಡಿದರು. ಸಂಚಾಲಕರಿಗೆ ನಾನು ಅದನ್ನು ತಿಳಿಸಿದೆ. ಮರುವಾರ ಅದೇ ವ್ಯಕ್ತಿ ಬಂದು, ಬಹಳ ಹೊತ್ತು ಕೈ ಹಿಡಿದು ಮೌನವಾಗಿ ಕುಳಿತು, ಕೊನೆಯಲ್ಲಿ "ಪ್ರಾರ್ಥಿಸಲೇ ಅಮ್ಮಾ?" ಎಂದು ಕೇಳಿದರು. ತಾಯಿಯವರು ಅವರ ಕೈಯನ್ನು ಒತ್ತಿದರು.

ಪಕ್ಕದ ಮನೆಯ ಅನ್ಯಧರ್ಮೀಯ ವೃದ್ಧರೊಬ್ಬರಿಗೂ ಇವರು ಇದೇ ಸೇವೆಯನ್ನು ನೀಡಿದರು. ಅಲ್ಲಿ ಬೋಧನೆಯಾಗಲಿ ಕರಪತ್ರವಾಗಲಿ ಇರಲಿಲ್ಲವೆಂದು ಆ ಮನೆಯವರೇ ಹೇಳಿದರು. ಪ್ರತಿಫಲ ಬಯಸದ ಪ್ರೀತಿಯೆಂದು ಇದನ್ನು ಕರೆಯಲು ನನಗೆ ಧೈರ್ಯ ಬಂದದ್ದು ಅದನ್ನು ಕೇಳಿದ ಮೇಲೆ.

ಚುಚ್ಚುಮದ್ದು ಕೊಡುವುದು, ಹುಣ್ಣಿನ ಚಿಕಿತ್ಸೆ ಮುಂತಾದ ಕೆಲಸಗಳನ್ನು ಇವರು ಮಾಡುವುದಿಲ್ಲ, ಆದ್ದರಿಂದ ದಾದಿಯ ಬದಲಿಗೆ ಇವರನ್ನು ನಂಬಿಕೊಳ್ಳಬಾರದು. ಕರೆಯುವವರು ಮೊದಲ ದಿನವೇ ರೋಗಿಗೆ ಯಾವುದು ಇಷ್ಟ, ಯಾವುದು ಬೇಡ ಎಂಬುದನ್ನು ಸ್ಪಷ್ಟವಾಗಿ ತಿಳಿಸುವುದು ಒಳ್ಳೆಯದು. ತಾಯಿಯವರು ತೀರಿಕೊಂಡ ಮರುವಾರ, ಅದೇ ದಿನ ಅದೇ ಹೊತ್ತಿಗೆ ಇಬ್ಬರೂ ಬಂದರು. ನಾನು ಬಾಗಿಲಲ್ಲೇ ನಿಂತು ಇನ್ನು ಕೆಲಸವೇನೂ ಇಲ್ಲವಲ್ಲ ಎಂದಾಗ, ಆ ಹಿರಿಯ ಮಹಿಳೆ, "ಈ ವಾರ ನಿಮ್ಮನ್ನು ನೋಡಲು ಬಂದೆವು" ಎಂದರು.